ಕುಳ್ಳರ ಕೋಟೆಗೆ ನಾನು ನೀರು ಬಿಟ್ಟದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರಮಾವ, ಅತ್ತೆ, ಅವರ ಮಗಳು ಅನು, ಕೆಳಗಿನ ಮನೆಯ ಶರ್ಮಾಜಿ, ಇವರೆಲ್ಲರನ್ನೂ ಒಂದೇ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನೀರಿನಲ್ಲಿ ಮುಳುಗಿಸಿದವನು ನಾನೇ. ಪೊಲೀಸರಿಗೆ ಫೋನ್ ಮಾಡುವ ಮೊದಲು ಪೂರ್ತಿ ಓದಿ. ನಾಲ್ವರೂ ಆರ್.ಕೆ.ಪುರಂನಲ್ಲಿ ಕ್ಷೇಮವಾಗಿದ್ದಾರೆ, ಸತ್ತದ್ದು ನನ್ನ ಲ್ಯಾಪ್‌ಟಾಪಿನ ಆಟದೊಳಗೆ ಅವರ ಹೆಸರು ಹೊತ್ತಿದ್ದ ಕುಳ್ಳರು. ಆದರೆ ಈಗ ಮನೆಯಲ್ಲಿ ನನಗೆ ಸಿಗುತ್ತಿರುವ ಚಹಾ ನೋಡಿದರೆ, ನಿಜವಾದ ಕೊಲೆಗಾರರಿಗೆ ಜೈಲಿನಲ್ಲಿ ಇದಕ್ಕಿಂತ ಬಿಸಿಯಾಗಿ ಕೊಡುತ್ತಾರೇನೋ ಅನ್ನಿಸುತ್ತದೆ.

ನಾನು ದೆಹಲಿಯಲ್ಲಿ ದೊಡ್ಡ ಸಂಶೋಧನೆ ಮಾಡುತ್ತಿದ್ದೇನೆ ಎಂದು ಊರಿನಲ್ಲಿ ಅಮ್ಮ ಎಲ್ಲರಿಗೂ ಹೇಳಿದ್ದಾಳೆ. ಅವಳ ಮಾತನ್ನು ಸುಳ್ಳು ಮಾಡುವ ಧೈರ್ಯ ನನಗಿಲ್ಲ, ನಿಜ ಮಾಡುವ ಶಕ್ತಿಯೂ ಇಲ್ಲ. ಮಾವನ ಸರ್ಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ರಜಾಯಿ ಹೊದ್ದು ಕುಳಿತಿರುತ್ತೇನೆ. ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಮಿಮಿಕ್ರಿ. ತರಕಾರಿ ಭಯ್ಯಾನಿಂದ ಹಿಡಿದು ನನ್ನ ಗೈಡ್‌ವರೆಗೆ ಯಾರ ದನಿಯನ್ನಾದರೂ ತೆಗೆಯುತ್ತೇನೆ. ಗೈಡ್ ಎದುರು ನಿಂತಾಗ ನನ್ನದೇ ಗಂಟಲಿನಿಂದ ಹೊರಡುವ ಆಡುಮರಿಯ ದನಿಯನ್ನೂ ಮಾಡಿ ತೋರಿಸಬಲ್ಲೆ. ಬೇಡಿಕೆ ಹೆಚ್ಚು ಇರುವುದು ಅದಕ್ಕೇ.

ಆಟದ ವಿಷಯಕ್ಕೆ ಬರುತ್ತೇನೆ. ಬೆಟ್ಟದೊಳಗೆ ಕೋಟೆ ಕೊರೆದು ಒಂದಷ್ಟು ಕುಳ್ಳರನ್ನು ಅದರಲ್ಲಿ ಬದುಕಿಸಬೇಕು, ಅಷ್ಟೇ. ಹೇಳುವುದಕ್ಕೆ ಅಷ್ಟೇ. ಅವರಿಗೆ ಬೇಜಾರಾಗುತ್ತದೆ, ಜಗಳವಾಗುತ್ತದೆ, ಹಾಸಿಗೆ ಸಾಲದಿದ್ದರೆ ಮುನಿಸು ಬರುತ್ತದೆ. ನೋಡಿದರೆ ನಮ್ಮ ಮನೆಯವರ ಹಾಗೆಯೇ ಕಂಡರು. ಸರಿ, ಹೆಸರುಗಳನ್ನೂ ಮನೆಯಿಂದಲೇ ಎತ್ತಿಕೊಂಡೆ, ದನಿಗಳನ್ನೂ ಕೊಟ್ಟೆ. ಶರ್ಮಾಜಿಯನ್ನು ಬಂಡೆ ಅಗೆಯುವುದಕ್ಕೆ ಹಾಕಿದೆ. ಬೆಳಿಗ್ಗೆ ನಮ್ಮ ಪಾಲಿನ ನೀರನ್ನು ಮೋಟರ್ ಹಾಕಿ ಎಳೆದುಕೊಳ್ಳುವವರಿಗೆ ಅಷ್ಟಾದರೂ ಶಿಕ್ಷೆ ಬೇಡವೇ. ಅತ್ತೆಗೆ ಅಡುಗೆಮನೆ ವಹಿಸಿದೆ. ಕುಳ್ಳರು ಮೂರು ಹೊತ್ತೂ ಕುಡಿಯುವುದು ಹೆಂಡ. ತಮ್ಮ ಹೆಸರಿನವಳು ಪೀಪಾಯಿಗೆ ಬಾಯಿ ಹಾಕುವುದನ್ನು ನೋಡಿ ಅತ್ತೆ ಅದೇನು ಎಂದು ಕೇಳಿದಾಗ, ಚಳಿಗಾಲ ಅಲ್ಲವೇ, ಕಷಾಯ ಎಂದೆ. ಹಾಗಾದರೆ ಶುಂಠಿ ಜಾಸ್ತಿ ಹಾಕಿಸು ಎಂದು ಹೇಳಿ ಒಳಗೆ ಹೋದರು.

ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ಮಾವ. ಅವರು ಮಾರ್ಚಿಗೆ ನಿವೃತ್ತರಾಗುತ್ತಾರೆ. ಆಮೇಲೆ ಈ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಘಾಜಿಯಾಬಾದಿನಲ್ಲಿ ಫ್ಲಾಟ್ ನೋಡೋಣ ಅಂತ ಅತ್ತೆ. ಲಿಫ್ಟ್ ಕೆಟ್ಟರೆ ಏನು ಗತಿ ಅಂತ ಮಾವ. ಆ ಮಾತು ಶುರುವಾದ ದಿನ ಮನೆಯಲ್ಲಿ ಕುಕ್ಕರ್ ಒಂದೇ ಬಾಯಿಬಿಡುವುದು. ಇಂಥ ಹೊತ್ತಿನಲ್ಲಿ ಮಾವನ ಕಣ್ಣಿಗೆ ನನ್ನ ಕೋಟೆ ಬಿತ್ತು. ತಮ್ಮ ಹೆಸರಿನ ಕುಳ್ಳನಿಗೆ ಮೂಲೆಯ ಕೋಣೆಯನ್ನು ಅವರೇ ಆರಿಸಿದರು. ಮೇಜು ಎಲ್ಲಿ, ಕಪಾಟು ಎಲ್ಲಿ ಎಂದು ಕನ್ನಡಕ ಏರಿಸಿ ತೋರಿಸಿದರು. ಆಮೇಲೆ ಮೆತ್ತಗೆ ಕೇಳಿದರು, “ಇಲ್ಲಿಂದ ಯಾರೂ ಖಾಲಿ ಮಾಡಿಸಲ್ಲ ಅಲ್ವೇನೋ?”

ನಾನು ಪ್ರಾಪರ್ಟಿ ಡೀಲರನ ದನಿಯಲ್ಲಿ, ಕೆನ್ನೆಯಲ್ಲಿ ಪಾನ್ ಇದ್ದವನಂತೆ, “ಗ್ಯಾರಂಟಿ, ಸರ್‌ಜೀ” ಎಂದೆ. ಮಾವ ನಕ್ಕರು. ಆದರೆ ಗ್ಯಾರಂಟಿಯನ್ನು ಇಟ್ಟುಕೊಂಡರು.

ಅದಾದ ಸ್ವಲ್ಪ ದಿನಕ್ಕೆ ಒಬ್ಬ ರಾಕ್ಷಸ ಕೋಟೆಗೆ ನುಗ್ಗಿ, ಇರುವ ಇಷ್ಟೂ ಜನರನ್ನು ಬಿಟ್ಟು, ಮಾವನ ಕುಳ್ಳನ ಕಾಲು ಮುರಿದ. ಈ ಆಟದ ಕ್ರೂರ ನಿಯಮವೊಂದಿದೆ: ಗಾಯಾಳುಗಳಿಗೆ ಹೆಂಡ ಸಲ್ಲದು, ನೀರೇ ಬೇಕು. ಹೊರಗಿನ ನದಿಯೋ, ಚಳಿಗೆ ಹೆಪ್ಪುಗಟ್ಟುವುದರಲ್ಲಿತ್ತು. ಅಷ್ಟರೊಳಗೆ ನೆಲದಡಿಯಲ್ಲಿ ತೊಟ್ಟಿ ಕೊರೆದು, ನೀರು ತುಂಬಿಸಿ, ಮೇಲೊಂದು ಬಾವಿ ಕಟ್ಟದಿದ್ದರೆ ಮಾವನ ಕುಳ್ಳ ಬಾಯಾರಿ ಸಾಯುತ್ತಿದ್ದ. ಸಂಜೆ ಆಫೀಸಿನಿಂದ ಬಂದ ಮಾವ ಶೂ ಬಿಚ್ಚುವ ಮೊದಲೇ ಅವನ ಕಾಲಿನ ವಿಷಯ ವಿಚಾರಿಸುತ್ತಿದ್ದರು. ಟಿವಿ ನೋಡುತ್ತಾ ತಮ್ಮ ಮೊಣಕಾಲನ್ನೂ ನೀವಿಕೊಳ್ಳತೊಡಗಿದರು.

ನೆಲದಡಿಗೆ ನೀರು ತರುವ ಕಷ್ಟ ನನ್ನ ಶತ್ರುವಿಗೂ ಬೇಡ. ಮೊದಲ ಸುರಂಗ ಕುಸಿಯಿತು. ಎರಡನೆಯದರಲ್ಲಿ ನೀರಿನ ಜೊತೆ ಹಲ್ಲಿರುವ ಮೀನೂ ಒಳಗೆ ಬಂತು, ಜಾಲರಿ ಹಾಕಿಸಬೇಕಾಯಿತು. ಇದಕ್ಕಿಂತ ಭಯಂಕರವಾದದ್ದು ನೀರಿನ ಒತ್ತಡ. ಎತ್ತರದ ನದಿಯಿಂದ ಬಂದ ನೀರು, ತಡೆಯದಿದ್ದರೆ, ತೊಟ್ಟಿ ತುಂಬಿದ ಮೇಲೂ ಬಾವಿಯ ಬಾಯಿಂದ ಉಕ್ಕುತ್ತದೆ. ಅದಕ್ಕೇ ಕಾಲುವೆಗೊಂದು ಗೇಟು, ಗೇಟಿಗೊಂದು ಸನ್ನೆಕೋಲು. ತೊಟ್ಟಿ ತುಂಬಿದ ಕೂಡಲೇ ಯಾರಾದರೂ ಕುಳ್ಳ ಹೋಗಿ ಅದನ್ನು ಎಳೆದರೆ ಗೇಟು ಮುಚ್ಚುತ್ತದೆ. ಓಡಾಟ ಕಡಿಮೆಯಾಗಲಿ ಎಂದು ಸನ್ನೆಕೋಲನ್ನು ಬಾವಿಯ ಪಕ್ಕದಲ್ಲೇ ನೆಟ್ಟೆ. ರೋಗಿಗೆ ಬೇಗ ನೀರು ಸಿಗಲಿ ಎಂದು ಮಾವನ ಕುಳ್ಳನ ಹಾಸಿಗೆಯನ್ನೂ ಅಲ್ಲಿಗೇ ತಂದು ಹಾಕಿದೆ. ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾವ ಒಮ್ಮೆ ಕೇಳಿದ್ದರು. ಉತ್ತರ ಕೊಡುವ ಬದಲು, ಅವರು ಕೇಳಿದ ರೀತಿಯನ್ನೇ, ಆ ಕೆಮ್ಮು, ಆ ಕನ್ನಡಕದ ಸಮೇತ, ಅನುವಿಗೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕೆವು. ಮಾವನೂ ನಕ್ಕರು.

ಭಾನುವಾರ ಎಲ್ಲ ಸಿದ್ಧವಾಯಿತು. ಸುಮ್ಮನೆ ಗೇಟು ತೆಗೆದಿದ್ದರೆ ಮುಗಿದಿತ್ತು. ಆದರೆ ನಾವು ಸರ್ಕಾರಿ ಕಾಲೊನಿಯವರು. ಇಲ್ಲಿ ಪಾರ್ಕಿನ ಬೆಂಚಿಗೆ ಬಣ್ಣ ಬಳಿದರೂ ರಿಬ್ಬನ್ ಕಟ್ಟುತ್ತಾರೆ. ಉದ್ಘಾಟನೆಯಿಲ್ಲದೆ ನೀರು ಬಿಡುವುದುಂಟೇ? ಅತ್ತೆ ಲ್ಯಾಪ್‌ಟಾಪಿನ ಅಂಚಿಗೆ ಕುಂಕುಮ ಹಚ್ಚಿದರು. ಅನು ತಟ್ಟೆಯಲ್ಲಿ ಎಳ್ಳುಬೆಲ್ಲದ ಗಜಕ್ ತಂದಿಟ್ಟಳು. ಮಾವ ಹೊಸ ಸ್ವೆಟರ್ ಹಾಕಿಕೊಂಡು ಮುಖ್ಯ ಅತಿಥಿಯಾಗಿ ಕುರ್ಚಿಯಲ್ಲಿ ಕುಳಿತರು. ನಾನು ತೋರಿಸಿದ ಗುಂಡಿಯನ್ನು ತಮ್ಮ ಕೈಯಾರೆ ಒತ್ತಿದರು. ಗೇಟು ತೆರೆಯಿತು, ನೀಲಿ ನೀರು ತೊಟ್ಟಿಗೆ ಇಳಿಯಿತು. ಮುಚ್ಚುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ಲ್ಯಾಪ್‌ಟಾಪಿಗೆ ಬೆನ್ನು ಮಾಡಿ ನಿಂತು, ಮಂತ್ರಿಗಳ ದನಿಯಲ್ಲಿ ಭಾಷಣ ಶುರು ಮಾಡಿದೆ.

ಎಂಥ ಭಾಷಣ ಅದು! ಅರ್ಧ ಹಿಂದಿ, ಅರ್ಧ ಕನ್ನಡ, ನಡುನಡುವೆ ಹಾರದ ಭಾರಕ್ಕೆ ಬಗ್ಗಿದ ಕತ್ತು. ಕುಳ್ಳರ ಮನೆಮನೆಗೂ ನಲ್ಲಿ ಕೊಡುತ್ತೇನೆಂದೆ. ಹಿಂದಿನ ಸರ್ಕಾರ ಏನೂ ಮಾಡಲಿಲ್ಲವೆಂದೆ. ಹಿಂದಿನ ಸರ್ಕಾರವೂ ನಾನೇ ಆಗಿದ್ದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಷ್ಟು ನಗು ಸಿಕ್ಕರೆ ಯಾವ ಮಿಮಿಕ್ರಿಯವನು ಬಾಯಿ ಮುಚ್ಚುತ್ತಾನೆ ಹೇಳಿ. ಅನು ಮಾತ್ರ ನಗುವುದನ್ನು ನಿಲ್ಲಿಸಿ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

“ಅಣ್ಣಾ, ಪಾನಿ ರುಕ್ ಹೀ ನಹೀ ರಹಾ. ನೀರು ಮೇಲೆ ಬರ್ತಾನೇ ಇದೆ.”

ತಿರುಗಿ ನೋಡಿದೆ. ಬಾವಿ ಉಕ್ಕುತ್ತಿತ್ತು. ಸನ್ನೆಕೋಲು ಎಳೆಯಲು ಆಜ್ಞೆ ಕೊಟ್ಟೆ. ಸನ್ನೆಕೋಲೇ ಎಲ್ಲಕ್ಕಿಂತ ಮೊದಲು ಮುಳುಗಿತ್ತು. ಎಳೆಯಲು ಹೊರಟ ಶರ್ಮಾಜಿ ದಾರಿಯಲ್ಲೇ ಹೋದರು. ಅಡುಗೆಮನೆ ಹೋಯಿತು, ಕಷಾಯದ ಪೀಪಾಯಿಗಳು ತೇಲಿದವು, ಅನು ಮೆಟ್ಟಿಲವರೆಗೆ ಓಡಿ ಅಲ್ಲೇ ಉಳಿದಳು. ಮಾವನ ಕುಳ್ಳ ಏಳಲಾರ, ಓಡಲಾರ, ಹಾಸಿಗೆಯಲ್ಲೇ ಇದ್ದ. ಇಷ್ಟು ದಿನ ನೀರು ನೀರು ಎಂದು ಕೇಳಿದವನ ಬಳಿಗೆ ನೀರು ತಾನೇ ನಡೆದುಕೊಂಡು ಬಂತು. ಕೆಟ್ಟದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಸೌಕರ್ಯ ಈ ಆಟದಲ್ಲಿಲ್ಲ.

ನಾನು ಅತ್ತೆಯ ದನಿಯಲ್ಲಿ, ಶುಂಠಿ ಜಾಸ್ತಿ ಆಯ್ತೇನೋ ಎಂದೆ. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮಾವ ಖಾಲಿ ಮೂಲೆಯ ಕೋಣೆಯನ್ನೇ ನೋಡುತ್ತಿದ್ದರು; ಅಲ್ಲಿ ಅವರು ಇಡಿಸಿದ್ದ ಮೇಜಿನ ಮೇಲೆಲ್ಲ ನೀಲಿ ಹರಡಿತ್ತು. ಕೊನೆಗೆ ನನ್ನ ಸ್ವಂತ ದನಿಯನ್ನೇ ಹುಡುಕಿ ತೆಗೆದೆ. ಬಳಸದೆ ಬಿಟ್ಟದ್ದಕ್ಕೋ ಏನೋ, ಸಣ್ಣದಾಗಿ ಬಂತು. ಆಟ ತಾನೇ ಮಾವ, ಇವತ್ತೇ ಹೊಸ ಕೋಟೆ ಶುರು ಮಾಡೋಣ, ನಿಮ್ಮ ಹೆಸರಿನವನಿಗೆ ಇದಕ್ಕಿಂತ ದೊಡ್ಡ ಕೋಣೆ ಕೊಡುತ್ತೇನೆ ಎಂದೆ.

ಮಾವ ಎದ್ದು, ಹೊಸ ಸ್ವೆಟರನ್ನು ಬಿಚ್ಚಿ, ನಿಧಾನವಾಗಿ ಮಡಿಸಿದರು.

“ಕಟ್ಟೋ, ಕಟ್ಟು. ಆದರೆ ಈ ಸಲ ಬಾವಿ ಪಕ್ಕ ಮಲಗಿಸೋ ಪೇಶೆಂಟಿಗೆ ನಿನ್ನ ಹೆಸರಿಡು. ಭಾಷಣಕ್ಕೆ ಮುಂಚೆ ಗೇಟು ಹಾಕೋದು ತಾನಾಗೇ ನೆನಪಾಗತ್ತೆ.”