ಎರಡು ಲೆನ್ಸು, ಒಬ್ಬರು ವೈನಿ

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟರೆ ಸಾಕು, ನನಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಚಿತ್ತಾಪುರದಲ್ಲಿ ಮಾಸ್ತರ. ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾದ ಹುಚ್ಚು. ಶಹಾಬಾದಿನ ಗೆಳೆಯ ಎರಡು ವೈಡ್ ಲೆನ್ಸ್ ಕೊಟ್ಟು, “ನೋಡಿ ಒಂದು ಇಟ್ಕೋ, ಒಂದು ವಾಪಸ್ ಕೊಡು” ಅಂದ. ಒಂದು 28 ಎಂಎಂ, ಇನ್ನೊಂದು ಅದಕ್ಕಿಂತ ಅಗಲಕ್ಕೆ ನೋಡುವ 21. ನನ್ನ ಜೀವವೆಲ್ಲ 21ರ ಮೇಲೆ.

ಹೆಂಡತಿ ಬಿಡಬೇಕಲ್ಲ. “ಎರಡರಾಗೂ ಫೋಟೊ ತೆಗೀರಿ. ವೈನಿ ಯಾವ್ದು ಛಲೋ ಅಂತಾರ, ಅದನ್ನೇ ಇಟ್ಕೋರಿ” ಅಂದಳು. ವೈನಿ ಅಂದರೆ ಚಿಂಚೋಳಿಯಲ್ಲಿರುವ ನಮ್ಮ ಅಣ್ಣನ ಹೆಂಡತಿ. ಅವರ ಮಾತಿಗೆ ನಮ್ಮಲ್ಲಿ ಅಪೀಲಿಲ್ಲ.

ವಾಡಿಯ ಬೆಂಚು

ವಾಡಿಯಲ್ಲಿ ಚಹಾದಂಗಡಿ ಎದುರು ಮೂರು ಕಾಲಿನ ಸ್ಟ್ಯಾಂಡ್ ಹೂಡಿ 28ರಲ್ಲಿ ಒಂದು ತೆಗೆದೆ. 21 ಹಾಕಿ ತಲೆ ಎತ್ತುವಷ್ಟರಲ್ಲಿ ಮುಂದಿನ ಬೆಂಚು ಒಳಗೆ ಹೋಗಿತ್ತು. ಅಂಗಡಿಯವರು ಏಣಿ ಹತ್ತಿ ರಸ್ತೆಗೆ ಚಾಚಿದ ತಗಡು ಬಿಚ್ಚುತ್ತಿದ್ದರು.

“ಯಾಕ್ರಿ? ನಾ ಬರೇ ಫೋಟೊ ತೆಗೀಲಿಕತ್ತೀನಿ” ಅಂದೆ.

“ಹೋದ ಸಲ ರಸ್ತೆ ಅಗಲ ಮಾಡೋರೂ ಬರೇ ಫೋಟೊ ಅಂತ ಹೇಳೇ ನಮ್ಮ ಕಟ್ಟಿ ಒಡದಾರ್ರಿ.”

ಸೇಡಂನ ರೊಟ್ಟಿ

ಈ ಕ್ಯಾಮೆರಾದಲ್ಲಿ ಫೋಕಸ್ ಆಗುವವರೆಗೂ ಎದುರಿದ್ದವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸ್ ತಿರುಗಿಸಿ ಎರಡನ್ನೂ ಒಂದು ಮಾಡಬೇಕು. ಸೇಡಂನಲ್ಲಿ ಇನ್ನೊಬ್ಬ ಗೆಳೆಯನ ತಾಯಿ, “ನನಗೂ ತೋರಸ್ರಿ” ಅಂದು ಇಸಿದುಕೊಂಡು, ಹೊರಸಿನ ಮೇಲೆ ಕೂತ ಗಂಡನ ಕಡೆ ಹಿಡಿದರು. ಒಂದು ಸಲ ನೋಡಿ ಕ್ಯಾಮೆರಾ ವಾಪಸ್ ಕೊಟ್ಟರು.

“ಲಗೂ ಒಬ್ಬರನ್ನೇ ಮಾಡ್ರಿ ಮಾಸ್ತರ. ಇಬ್ಬರಿಗೂ ರೊಟ್ಟಿ ನಾನೇ ಬಡೀಬೇಕಾಗ್ತದ.”

ಚಿಂಚೋಳಿಯ ತೀರ್ಪು

ಅಣ್ಣನ ಹೊಸ ಮನೆಯ ಪೂಜೆ. ಊಟವಾದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಮನೆಯಾಕೆ ಬಡಿಸುವುದು ಮುಗಿಸಿ ಕಡೆಗೆ ಬರುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ವೈನಿಗೆ ಸಿಕ್ಕಿದ್ದು ಸಾಲಿನ ತುದಿ. 21ರಲ್ಲಿ ಒಂದು ತೆಗೆದೆ, ಲೆನ್ಸ್ ಬದಲಿಸಿ 28ರಲ್ಲಿ ಇನ್ನೊಂದು.

ಪ್ರಿಂಟುಗಳು ಬಂದವು. 21ರಲ್ಲಿ ಮನೆ, ಮಂದಿ, ತೋರಣ ಎಲ್ಲ ಬಂದಿತ್ತು. ಆದರೆ ಇಷ್ಟು ಅಗಲದ ಲೆನ್ಸು ಅಂಚಿನಲ್ಲಿ ನಿಂತವರನ್ನು ಎಳೆದು ಹಿಗ್ಗಿಸುತ್ತದೆ. ವೈನಿ ಹೊಸ ಮನೆಯ ಬಾಗಿಲಿನಷ್ಟು ಅಗಲವಾಗಿದ್ದರು. 28ರದು ಪೂರ್ತಿ ಕಪ್ಪು. ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆತಿದ್ದೆ. ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಲೆನ್ಸಿನ ಪಕ್ಕಕ್ಕಿರುವುದರಿಂದ ಮುಚ್ಚಳವಿದ್ದರೂ ಎದುರಿನದೆಲ್ಲ ನಿಚ್ಚಳವಾಗಿ ಕಾಣುತ್ತದೆ. ನನಗೆ ಒಳಗೊಳಗೇ ಖುಷಿ. ಕಪ್ಪು ಕಾಗದಕ್ಕೆ ಯಾರು ವೋಟು ಹಾಕುತ್ತಾರೆ?

ಹೆಂಡತಿಯ ಜೊತೆ ಮತ್ತೆ ಚಿಂಚೋಳಿಗೆ ಹೋದೆ. ವೈನಿ ಎರಡನ್ನೂ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ 21ರದನ್ನು ಬೋರಲು ಹಾಕಿ, ಕಪ್ಪು ಪ್ರಿಂಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು.

“ಇದೇ ಲೆನ್ಸ್ ಇಟ್ಕೋ ಅನ್ನು. ಇದರಾಗ ನಾ ದಪ್ಪ ಕಾಣಂಗಿಲ್ಲ.”