ಕರಿಯನಿಗೆ ಗೊತ್ತಿದ್ದ ಒಂದೇ ಮಾತು

ಈಗಿನ ಹುಡುಗರ ಬಾಯಿ ಕೆಟ್ಟುಹೋಗಿದೆ ಎಂದು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಎಲ್ಲ ಕಡೆ ಹೇಳುತ್ತಾರೆ. ನಿಜ. ನನ್ನ ಬಾಯಿಯೂ ಕೆಟ್ಟದ್ದೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಲ್ಲಿ ಕಲಿತದ್ದು ಮರೆತುಹೋಯಿತು, ಗದ್ದೆಯಲ್ಲಿ ಕಲಿತದ್ದು ಉಳಿಯಿತು. ಆದರೆ ಬೈಗುಳದಿಂದ ಸಮಾಜ ಹಾಳಾಯಿತು ಎಂದು ಯಾರಾದರೂ ಭಾಷಣ ಮಾಡಿದರೆ ನಾನು ತಲೆಯಾಡಿಸುವುದು ಅರ್ಧ ಮಾತ್ರ. ಒಂದು ಬೈಗುಳಕ್ಕೆ ನಾನು ದಿನಾ ಕೈಮುಗಿಯಬೇಕು.

ಬನ್ನೂರಿನ ಹುಡುಗಿಯನ್ನು ನೋಡಿ ಒಪ್ಪಿದ್ದೆ. ಅವಳೂ ಒಪ್ಪಿದ್ದಳು, ಅದು ನನಗೆ ಇನ್ನೂ ಆಶ್ಚರ್ಯ. ಆಮೇಲೆ ಅವಳ ಅಪ್ಪ ಮಾದಪ್ಪನವರು ನಮ್ಮ ಮನೆ ನೋಡಲು ಹೆಮ್ಮರಗಾಲಕ್ಕೆ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಕಾಫಿ ಲೋಟ ಕೆಳಗಿಡುವ ಮೊದಲೇ, "ಮನೆ ಚಿಕ್ಕದಾದ್ರೂ ಪರ್ವಾಗಿಲ್ಲ ಕಣಪ್ಪ. ಬಾಯಿ ಒಲಸಾಗಿರೋನ್ಗೆ ಮಾತ್ರ ಮಗಳ್ನ ಕೊಡಾಕಿಲ್ಲ" ಎಂದರು. ಅವ್ವ ನನ್ನನ್ನೇ ನೋಡಿದಳು. ಅವತ್ತು ನಾನು ಬಾಯಿ ತೆರೆದದ್ದು ಊಟಕ್ಕೆ ಮಾತ್ರ. ಹುಡುಗ ಗಂಭೀರ ಎಂದು ಅವರಿಗೆ ಬಲು ಸಂತೋಷ.

ಕೆಟ್ಟದ್ದು ಗಾಡಿ ಕಟ್ಟಿದ ಮೇಲೆ. ಅವರನ್ನು ಮೂರು ಗಂಟೆ ಬಸ್ಸಿಗೆ ಬಿಡಬೇಕಿತ್ತು. ರಸ್ತೆ ಸೇರುವ ಮುಂಚೆ ನಾಲೆ ಪಕ್ಕ ಒಂದು ಏರು. ನಮ್ಮ ಎಡಗಡೆ ಎತ್ತು ಕರಿಯನಿಗೆ ಅಲ್ಲಿ ನಿಲ್ಲುವ ಚಾಳಿ. ನಾನು ಚಾವಟಿ ಮುಟ್ಟುವವನಲ್ಲ. ಹೊಡೆಯದೆ ಪಳಗಿಸಿದೆ ಎಂದು ಊರೆಲ್ಲ ಜಂಬ ಕೊಚ್ಚಿದ್ದೆ. ಪಳಗಿಸಿದ್ದು ಹೇಗೆಂದರೆ, ಕರುವಾಗಿದ್ದಾಗಿನಿಂದ ಅದರ ತಾಯಿಯ ಬಗ್ಗೆ ಒಂದು ಮಾತು ಅನ್ನುತ್ತಿದ್ದೆ. ಅದನ್ನು ಅಂದರೆ ಹೊರಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆ ತಾಯಿ ಪಾಪ ನಮ್ಮ ಕೊಟ್ಟಿಗೆಯಲ್ಲೇ ಇತ್ತು, ಸಾಧು ಹಸು.

"ನಡಿಯಪ್ಪ ಕರಿಯ" ಎಂದೆ. ಗಾಡಿಯಲ್ಲಿ ಬೇರೆ ಯಾರೋ ಕೂತಿದ್ದಾರೇನೋ ಎಂಬಂತೆ ಅದು ಹಿಂದೆ ತಿರುಗಿ ನೋಡಿತು. "ನಡಿಯಪ್ಪ, ಟೇಮಾಯ್ತು" ಎಂದೆ. ಮಲಗಿಬಿಟ್ಟಿತು.

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಬೈದರೆ ಹುಡುಗಿ ಇಲ್ಲ. ಬೈಯದಿದ್ದರೆ ಬಸ್ಸಿಲ್ಲ, ಮುಂದಿನದು ಮಾರನೇ ದಿನ. ಅವರು ನಮ್ಮಲ್ಲೇ ಉಳಿದರೆ ಅಷ್ಟು ಹೊತ್ತು ನನ್ನ ಬಾಯಿ ತಡೆಯುವುದಿಲ್ಲ.

"ಗಾಡಿ ಒಡ್ಯಾಕೆ ಬರಾಕಿಲ್ವೇನ್ಲಾ?" ಎಂದರು ಮಾದಪ್ಪನವರು.

"ಬತ್ತದೆ ಯಜಮಾನ್ರೇ. ಇದು ಮರ್ವಾದೆ ಕೊಟ್ರೆ ನಡಿಯಾಕಿಲ್ಲ."

ಅವರು ಪಂಚೆ ಎತ್ತಿಕಟ್ಟಿ ಗಾಡಿಯಲ್ಲೇ ಎದ್ದುನಿಂತು ಒಂದು ಮಾತು ಅಂದರು. ನನ್ನ ಮಾತಿನಲ್ಲಿ ಕರಿಯನ ತಾಯಿ ಮಾತ್ರ ಇದ್ದಳು. ಅವರದ್ದರಲ್ಲಿ ಇಡೀ ವಂಶವೇ ಇತ್ತು. ಕರಿಯ ದಡಕ್ಕನೆ ಎದ್ದಿತು. ಬಲಗಡೆಯ ಎತ್ತು, ತಪ್ಪೇ ಮಾಡದಿದ್ದರೂ, ಓಡಿತು. ಬಸ್ಸು ಸಿಕ್ಕಿತು.

ಮೆಟ್ಟಿಲು ಹತ್ತುತ್ತ, ನನ್ನ ಮುಖ ನೋಡದೆ, "ಅದು ಎತ್ಗೆ ಅಂದದ್ದು ಕಣಪ್ಪ. ನನ್ ಮಗಳ್ತಾವ ಬಾಯಿ ಬಿಡ್ಬ್ಯಾಡ" ಎಂದರು.

"ಇಲ್ಲ ಯಜಮಾನ್ರೇ. ಲಗ್ನ?"

"ಬರೋ ವಾರ ಬಂದು ಮಾತಾಡಿ."

ಇದಾಗಿ ಮೂರು ವರ್ಷ. ಸಂಕ್ರಾಂತಿಗೆ ಕರಿಯನ ಕೊಂಬಿಗೆ ಬಣ್ಣ ಬಳಿಯುವಾಗ ಮಾವನವರನ್ನೂ ನೆನೆಯುತ್ತೇನೆ. ಅವರ ಮಗಳ ಹತ್ತಿರ ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಅವಳು ಮೂರು ಸಲ ಮೆತ್ತಗೆ "ಎದ್ದೇಳಿ" ಅನ್ನುತ್ತಾಳೆ. ನಾನು ಮಗ್ಗುಲು ಬದಲಿಸುತ್ತೇನೆ. ನಾಲ್ಕನೇ ಸಲಕ್ಕೆ ಅವಳ ಅಪ್ಪನ ಆ ಮಾತು ಬರುತ್ತದೆ, ವಂಶ ಸಮೇತ. ಒಲೆ ಮುಂದಿರುವ ಅವ್ವ ಕಿವಿ ಕೇಳಿಸದವಳ ಹಾಗೆ ಇರುತ್ತಾಳೆ. ದಡಕ್ಕನೆ ಎದ್ದು ಕೊಟ್ಟಿಗೆಗೆ ಹೋದರೆ, ಕರಿಯ ನನ್ನನ್ನೇ ನೋಡುತ್ತ ನಿಂತಿರುತ್ತದೆ.