ಬೆವರಿದ ನೆಲ

ಎಲ್ಲ ಬಲ್ಲವರ ಜೊತೆ ಒಂದೇ ಮನೆಯಲ್ಲಿ ಬಾಳುವವರನ್ನು ಕಂಡರೆ ನನಗೆ ಮರುಕ. ನಾನೇ ಅಂಥ ಬಲ್ಲವನಾಗಿದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮಣ್ಣಿನಲ್ಲಿ ನೀರೂ ಮೇಲೇರುತ್ತದೆ ಎಂದು ವರ್ಷವರ್ಷವೂ ಹುಡುಗರಿಗೆ ಪಾಠ ಹೇಳುತ್ತಿದ್ದೆ. ಆದರೆ ನಿಟ್ಟುವಳ್ಳಿಯಲ್ಲಿ ಮನೆ ಕಟ್ಟಿಸುವಾಗ ಹರಿಹರದ ಮೇಸ್ತ್ರಿ ಹುಸೇನ್ ಸಾಬರು ಅದೇ ಮಾತು ಹೇಳಿದಾಗ ನನಗೆ ನಗು ಬಂತು.

"ಎರೆಮಣ್ಣು ಮೇಷ್ಟ್ರೆ, ನೀರು ಹಿಡ್ಕೊಂಡು ಕೂಡ್ತೈತೆ. ಕೆಳಗ ದಪ್ಪಗೆ ಜಲ್ಲಿ ಹಾಸಿ, ಡಾಂಬರು ಬಳಿದು, ಆಮ್ಯಾಲೆ ಕಾಂಕ್ರೀಟ್ ಹಾಕಾಣ. ಇಲ್ಲಾಂದ್ರ ನೆಲ ಬೆವರ್ತೈತ್ರಿ" ಎಂದರು.

"ಸಿಮೆಂಟು ಅಂದ್ರೆ ಕಲ್ಲು ಸಾಬ್ರೆ. ಕಲ್ಲು ಬೆವರ್ತೈತೇನ್ರಿ? ಮಳೆಗಾಲ ಬರೋದ್ರೊಳಗೆ ಮನೆ ಹೊಗಬೇಕು, ಸುಮ್ನೆ ಹಾಕ್ರಿ" ಎಂದೆ.

ಆ ನೆಲದ ಆಸೆ ನನ್ನ ಗಂಗಕ್ಕನದು. ಅಪ್ಪ ಅವ್ವ ಹೋದಮೇಲೆ ಹತ್ತಿಗಿರಣಿಯಲ್ಲಿ ದಿನವಿಡೀ ನಿಂತು ದುಡಿದು ನನ್ನನ್ನು ಓದಿಸಿದವಳು. "ಸಿಮಿಟಿ ನೆಲದ ಮ್ಯಾಲೆ ಮೈ ಚಾಚಿ ಮಲಗಬೇಕಪ್ಪ" ಎನ್ನುತ್ತಿದ್ದಳು. ಮನೆ ಹೊಕ್ಕ ದಿನ ಕರುವಿನ ಮೈ ಸವರುವಂತೆ ನೆಲ ಸವರಿದಳು. ಮೊದಲ ಮಳೆಗಾಲದಲ್ಲೇ ಅವಳ ಚಾಪೆಯ ಸುತ್ತ ಒದ್ದೆ ಕಂಡಿತು. "ಕೊಡ ತುಳುಕಿಸ್ಕೊಂಡು ಓಡಾಡಬ್ಯಾಡ ಅಂದ್ರೆ ಕೇಳಲ್ಲ ನೀನು" ಎಂದು ರೇಗಿದೆ. ಅಕ್ಕ ಹಳೇ ಸೀರೆಯ ತುಂಡಿನಿಂದ ಒರೆಸಿದಳು. ಕೆಲವು ದಿನ ಹೀಗೇ ನಡೆದು, ಆಮೇಲೆ ಒದ್ದೆ ಕಾಣಲಿಲ್ಲ. ನನ್ನ ಬುದ್ಧಿವಾದ ಫಲಿಸಿತೆಂದು ಬೀಗಿದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು ಹಿಡಿದಿತ್ತು. ಮಂಚ ತರುತ್ತೇನೆಂದರೆ, "ಬ್ಯಾಡಪ್ಪ, ನಿನ್ನ ನೆಲ ತಂಪೈತೆ" ಎಂದಳು.

ಗೋಡೆಯ ಬಿರುಕು ನೋಡಲು ಬಂದ ಸಾಬರು ಒಂದು ದಿನ ಅವಳ ಚಾಪೆ ಎತ್ತಿದರು. ಅಡಿಯೆಲ್ಲ ಬೂಷ್ಟು ಹಿಡಿದು ಕಪ್ಪಾಗಿತ್ತು. ಅವರು ನನ್ನನ್ನು ಹಂಗಿಸಲಿಲ್ಲ. "ನೀರು ಮ್ಯಾಲಿಂದ ಬಿದ್ದಿಲ್ರಿ ಮೇಷ್ಟ್ರೆ" ಎಂದರು, ಅಷ್ಟೆ.

"ನಿನಗೆ ಗೊತ್ತಿತ್ತಾ?" ಎಂದು ಅಕ್ಕನನ್ನು ಕೇಳಿದೆ.

"ನೀನು ಏಳೋದ್ರೊಳಗ ಒರೆಸಿಬಿಡ್ತಿದ್ದೆ. ಬಂದೋರಿಗೆಲ್ಲ ನೆಲ ತೋರಿಸಿ ಹಿಗ್ಗುತಿದ್ದಿ. ಹೆಂಗೆ ಹೇಳ್ಲಿ?"

ಅಕ್ಕನನ್ನು ಕೊಕ್ಕನೂರಿನ ಚಿಕ್ಕವ್ವನ ಮನೆಗೆ ಕಳಿಸಿ, ನೆಲ ಒಡೆಸಿ, ಸಾಬರು ಹೇಳಿದಂತೆಯೇ ಜಲ್ಲಿ, ಡಾಂಬರು ಎಲ್ಲ ಹಾಕಿಸಿದೆ. ಕೆಲಸ ಮುಗಿಸಿ ಕರೆತರಲು ಹೋದಾಗ ಅವಳು ಮಣ್ಣಿನ ನೆಲದ ಮೇಲೆ ಕಂಬಳಿ ಹೊದ್ದು ಏದುಸಿರು ಬಿಡುತ್ತಿದ್ದಳು. "ನೆಲ ಒಣಗಿತೇನಪ್ಪ?" ಎಂದಳು. "ಒಣಗೈತೆ ನಡಿಯಕ್ಕ" ಎಂದೆ. "ಸ್ವಲ್ಪ ಸುಧಾರಿಸ್ಕೊಂಡು ಬರ್ತೀನಿ" ಎಂದಳು. ಮೂರನೆಯ ದಿನ ಅಲ್ಲೇ ತೀರಿಹೋದಳು.

ಈಗ ಎಂಥ ಮಳೆಗೂ ನಮ್ಮ ನೆಲ ಬೆವರುವುದಿಲ್ಲ. ನಿಟ್ಟುವಳ್ಳಿಯಲ್ಲಿ ಮನೆ ಕಟ್ಟಿಸುವವರೆಲ್ಲ ನನ್ನ ಸಲಹೆ ಕೇಳಲು ಬರುತ್ತಾರೆ. ಜಲ್ಲಿ ಎಷ್ಟು ದಪ್ಪ, ಡಾಂಬರು ಎಲ್ಲಿಯವರೆಗೆ ಎಂದು ನೆಲದ ಮೇಲೆ ಗೀಟೆಳೆದು ವಿವರಿಸುತ್ತೇನೆ. "ಎಷ್ಟೆಲ್ಲ ತಿಳ್ಕೊಂಡೀರಿ ಮೇಷ್ಟ್ರೆ!" ಎನ್ನುತ್ತಾರೆ. ಹೇಗೆ ತಿಳಿಯಿತೆಂದು ಯಾರೂ ಕೇಳುವುದಿಲ್ಲ. ನಾನಾಗಿ ಹೇಳುವಷ್ಟು ದೊಡ್ಡವನು ನಾನಿನ್ನೂ ಆಗಿಲ್ಲ.